ಹಳಿ ಹೋದ ಮೇಲೂ ಉಳಿಯುವ ದಾರಿ: ಉಪಗ್ರಹ ನಕ್ಷೆಯಲ್ಲಿ ಕರ್ನಾಟಕದ ರೈಲು ಮಾರ್ಗಗಳನ್ನು ಗುರುತಿಸುವ ಕೆಲಸ

ಮೇಲಿನಿಂದ ನೋಡಿದಾಗ ರಸ್ತೆ ಯಾವುದು, ರೈಲು ದಾರಿ ಯಾವುದು ಎಂಬುದು ತಿರುವಿನಲ್ಲಿ ತಿಳಿಯುತ್ತದೆ. ರಸ್ತೆಯು ಊರಿನ ಮನೆಗಳನ್ನೂ ಹೊಲದ ಬದುಗಳನ್ನೂ ಕೆರೆಯ ಏರಿಯನ್ನೂ ನೋಡಿಕೊಂಡು ಥಟ್ಟನೆ ಹೊರಳುತ್ತದೆ. ರೈಲು ದಾರಿಗೆ ಹಾಗೆ ಹೊರಳಲು ಬರುವುದಿಲ್ಲ. ಅದು ಬಹು ದೂರದಿಂದಲೇ ಬಾಗತೊಡಗಿ, ಒಂದೇ ಹದದಲ್ಲಿ ಬಾಗುತ್ತ ಹೋಗಿ, ಅಷ್ಟೇ ನಿಧಾನವಾಗಿ ನೇರವಾಗುತ್ತದೆ. ಹಳಿ ಕಿತ್ತು, ಅದರ ಕೆಳಗಿನ ಅಡ್ಡದಿಮ್ಮಿಗಳಾದ ಸ್ಲೀಪರು ಒಯ್ದು, ಜಲ್ಲಿಯನ್ನು ಜನ ಮನೆ ಕಟ್ಟಲು ಸಾಗಿಸಿದ ಎಷ್ಟೋ ವರ್ಷಗಳ ಮೇಲೂ ಈ ಬಾಗು ಮಾತ್ರ ಹೊಲಗಳ ನಡುವೆ ಉಳಿದುಕೊಂಡಿರುತ್ತದೆ, ಏಕೆಂದರೆ ರೈಲ್ವೆಗೆಂದು ಒಮ್ಮೆ ಸ್ವಾಧೀನಪಡಿಸಿಕೊಂಡ ಪಟ್ಟಿಯ ಗಡಿಯೇ ಅಕ್ಕಪಕ್ಕದ ಸರ್ವೆ ನಂಬರುಗಳ ಗಡಿಯೂ ಆಗಿರುತ್ತದೆ. ಒಮ್ಮೆ ಈ ಬಾಗನ್ನು ಗುರುತಿಸುವ ಅಭ್ಯಾಸ ಕಣ್ಣಿಗೆ ಆಯಿತೆಂದರೆ, ಕರ್ನಾಟಕದ ಯಾವ ಜಿಲ್ಲೆಯ ಉಪಗ್ರಹ ಚಿತ್ರವನ್ನು ತೆರೆದರೂ ಅದು ತಾನಾಗಿ ಎದ್ದು ಕಾಣಿಸುತ್ತದೆ.

ನಮ್ಮ ರಾಜ್ಯದ ರೈಲು ನಿಲ್ದಾಣಗಳು, ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಲೂಪ್ ಲೈನುಗಳು, ಸೇತುವೆಗಳು, ಸುರಂಗದ ಬಾಯಿಗಳು, ಮುಚ್ಚಿಹೋದ ಮಾರ್ಗಗಳು, ಇವನ್ನೆಲ್ಲ ಗೂಗಲ್ ಅರ್ಥ್‌ನಲ್ಲಿ ಗುರುತಿಸಿ, ಆಸಕ್ತರಿಗೆ ಕಳುಹಿಸಬಹುದಾದ ಒಂದೇ ಫೈಲಿನಲ್ಲಿ ಕೂಡಿಡುವ ಕೆಲಸವನ್ನು ನಾನು ಕೆಲವು ಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಅದನ್ನು ಹೇಗೆ ಮಾಡುತ್ತೇನೆ, ಯಾವ ನಿಯಮಗಳನ್ನು ಇಟ್ಟುಕೊಂಡಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಕ್ಷೆಯ ಮೇಲೆ ಪಿನ್ ಚುಚ್ಚುವುದು ಕ್ಷಣದ ಕೆಲಸ. ಆ ಪಿನ್ನು ಅಲ್ಲೇ ಏಕೆ ಇದೆ ಎಂಬುದಕ್ಕೆ ಆಧಾರವನ್ನು ಅದರ ಜೊತೆಗೇ ಬರೆದಿಡದಿದ್ದರೆ, ಆ ಫೈಲನ್ನು ಇನ್ನೊಬ್ಬರಿಗೆ ಕೊಡಲೇಬಾರದು.

ಗೂಗಲ್ ಅರ್ಥ್ ಮೂಲತಃ ಕೀಹೋಲ್ ಎಂಬ ಸಣ್ಣ ಕಂಪನಿಯ ತಂತ್ರಾಂಶ. ಗೂಗಲ್ ಆ ಕಂಪನಿಯನ್ನು 2004ರಲ್ಲಿ ಕೊಂಡು, ಮರುವರ್ಷ ಈಗಿನ ಹೆಸರಿನಲ್ಲಿ ಸಾರ್ವಜನಿಕರಿಗೆ ಕೊಟ್ಟಿತು. ಗುರುತುಗಳನ್ನು ಉಳಿಸುವ ಫೈಲಿಗೆ ಇಂದಿಗೂ ಕೆಎಂಎಲ್ ಎಂಬ ಹೆಸರಿದ್ದು, ಅದರ ಮೊದಲ ಅಕ್ಷರ ಆ ಕೀಹೋಲ್‌ನದೇ. 2008ರಲ್ಲಿ ಕೆಎಂಎಲ್ ಅಂತಾರಾಷ್ಟ್ರೀಯ ಮಾನಕವಾಯಿತು. ಇದರಿಂದಾಗಿ ಗೂಗಲ್‌ಗೆ ಸಂಬಂಧವಿಲ್ಲದ ತಂತ್ರಾಂಶಗಳೂ ಇದನ್ನು ಓದಬಲ್ಲವು, ಮತ್ತು ನಾನು ಇಂದು ಗುರುತಿಸಿದ ಸೇತುವೆಯನ್ನು ಮುಂದೊಂದು ದಿನ ಬೇರೆ ಯಾವುದೋ ತಂತ್ರಾಂಶದಲ್ಲಿ ತೆರೆಯಬಹುದು ಎಂಬ ಭರವಸೆ ನನಗಿದೆ. ನಾನು ಬಳಸುವುದು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಪ್ರೋ ಆವೃತ್ತಿಯನ್ನು. ಮೊದಲು ದುಬಾರಿಯಾಗಿದ್ದ ಅದು 2015ರಿಂದ ಉಚಿತವಾಗಿ ಸಿಗುತ್ತಿದೆ. ಫೋನಿನ ಆವೃತ್ತಿ ನೋಡಲು ಸಾಕಾಗುತ್ತದೆ, ಆದರೆ ಗುರುತಿಸುವ ಕೆಲಸಕ್ಕೆ ದೊಡ್ಡ ಪರದೆಯೂ ಮೌಸೂ ಬೇಕೇ ಬೇಕು.

ಮೊದಲು ಚಿತ್ರವನ್ನು ಓದುವ ಬಗೆಯನ್ನು ಹೇಳುತ್ತೇನೆ. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಬಹುಪಾಲು ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಸೂರ್ಯ ಆಗ ಪೂರ್ವದ ಕಡೆಗಿರುವುದರಿಂದ ನೆರಳು ಪಶ್ಚಿಮಕ್ಕೆ ಬೀಳುತ್ತದೆ. ಉತ್ತರ ದಕ್ಷಿಣವಾಗಿ ಹೋಗುವ ಹಳೆಯ ದಾರಿಯೊಂದರ ಪಶ್ಚಿಮದ ಹೊರಬದಿಯಲ್ಲಿ ಕಪ್ಪು ಗೆರೆ ಕಂಡರೆ, ಅದು ನೆಲಕ್ಕಿಂತ ಎತ್ತರವಾಗಿ ಮಣ್ಣು ಪೇರಿಸಿದ ಏರಿ. ನೆರಳು ಪೂರ್ವದ ಅಂಚಿಗೆ ಅಂಟಿಕೊಂಡು ಒಳಮುಖವಾಗಿ ಬಿದ್ದಿದ್ದರೆ, ಅದು ದಿಣ್ಣೆಯನ್ನು ಕಡಿದು ಮಾಡಿದ ಕಣಿವೆ. ಏರಿಯ ಪಕ್ಕದಲ್ಲಿ ಸಾಲಾಗಿ ಆಯತಾಕಾರದ ಹೊಂಡಗಳಿದ್ದರೆ ಅವು ಏರಿಗೆ ಮಣ್ಣು ತೆಗೆದ ಗುಂಡಿಗಳು, ಮಳೆಗಾಲ ಮುಗಿದ ಮೇಲೆ ತೆಗೆದ ಚಿತ್ರಗಳಲ್ಲಿ ಇವು ನೀರು ತುಂಬಿ ಹೊಳೆಯುತ್ತಿರುತ್ತವೆ. ಹಳೆಯ ದಾರಿಯನ್ನು ಉತ್ತು ಹೊಲವಾಗಿಸಿದ ಕಡೆಗಳಲ್ಲಿಯೂ ಗಟ್ಟಿಯಾದ ನೆಲ ಮತ್ತು ಉಳಿದ ಜಲ್ಲಿಯ ಕಾರಣದಿಂದ ಆ ಪಟ್ಟಿಯ ಮೇಲಿನ ಬೆಳೆ ಉಳಿದ ಹೊಲದಷ್ಟು ಹುಲುಸಾಗಿ ಬರುವುದಿಲ್ಲ. ರಾಗಿ, ಜೋಳ ಹಸಿರಾಗಿ ನಿಂತ ತಿಂಗಳುಗಳ ಚಿತ್ರದಲ್ಲಿ ಅದು ಪೇಲವವಾದ ಬಾಗಿದ ಗೆರೆಯಾಗಿ ಕಾಣುತ್ತದೆ. ಮಲೆನಾಡಿನಲ್ಲಿ ಇದೇ ಕೆಲಸಕ್ಕೆ ಎಲೆ ಉದುರಿದ ಫೆಬ್ರುವರಿ, ಮಾರ್ಚ್ ತಿಂಗಳ ಚಿತ್ರಗಳೇ ಒಳ್ಳೆಯವು. ಮುಂಗಾರಿನ ತಿಂಗಳುಗಳಲ್ಲಂತೂ ಅಲ್ಲಿ ಮೋಡದ ಹೊರತು ಬೇರೇನೂ ಕಾಣುವುದಿಲ್ಲ.

ಬಳಕೆಯಲ್ಲಿರುವ ಮಾರ್ಗವನ್ನು ಓದುವುದು ಇಷ್ಟು ಕಷ್ಟದ್ದಲ್ಲ. ಒಂಟಿ ಹಳಿ ಎರಡಾಗಿ ಕವಲೊಡೆದು, ಅರ್ಧ ಮುಕ್ಕಾಲು ಕಿಲೋಮೀಟರ್ ಜೊತೆಯಾಗಿ ಸಾಗಿ ಮತ್ತೆ ಒಂದಾದರೆ, ಅದು ಎದುರುಬದುರಾದ ಗಾಡಿಗಳು ಒಂದನ್ನೊಂದು ದಾಟುವ ನಿಲ್ದಾಣ. ಕವಲಿನ ತುದಿ ಎಲ್ಲಿಯೂ ಸೇರದೆ ನಿಂತುಬಿಟ್ಟರೆ ಅದು ಸೈಡಿಂಗ್. ಹಳಿಗಳು ಮೂರು ಮೂಲೆಗಳ ಬಾಗಿದ ತ್ರಿಕೋನವನ್ನು ಮಾಡಿದ್ದರೆ ಅಲ್ಲಿ ಎಂಜಿನ್ನಿನ ಮುಖವನ್ನು ತಿರುಗಿಸುತ್ತಿದ್ದರು ಎಂದು ತಿಳಿಯಬಹುದು. ನಿಲ್ದಾಣದ ಹಿಂದಿನ ಅಂಗಳದಲ್ಲಿ ದುಂಡಗಿನ ಗುಂಡಿ ಕಂಡರೆ, ಅದು ಉಗಿ ಎಂಜಿನ್ನಿನ ಕಾಲದಲ್ಲಿ ಎಂಜಿನ್ನನ್ನು ನಿಲ್ಲಿಸಿ ತಿರುಗಿಸುವ ಟರ್ನ್ ಟೇಬಲ್ ಇದ್ದ ಜಾಗವಾಗಿರುವ ಸಾಧ್ಯತೆಯೇ ಹೆಚ್ಚು.

ನನಗೆ ಹೆಚ್ಚು ಕೆಲಸ ಕೊಟ್ಟ ಮಾರ್ಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿ. ಹಾಸನ ಮಂಗಳೂರು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗದ ಭಾಗವಾಗಿ 1979ರಲ್ಲಿ ತೆರೆದ ಈ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಇಳಿಜಾರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ಹೆಚ್ಚು ಅಗಲದ ಬ್ರಾಡ್ ಗೇಜ್ ಆಗಿ ಪರಿವರ್ತನೆಯಾದ ಮೇಲೆ ಪ್ರಯಾಣಿಕರ ಗಾಡಿಗಳು ಇಲ್ಲಿ ಮತ್ತೆ ಓಡತೊಡಗಿದ್ದು 2007ರ ಡಿಸೆಂಬರಿನಲ್ಲಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಡುವಿನ ನಿಲ್ದಾಣಗಳಲ್ಲಿ ಎಡಕುಮೇರಿಗೆ ರಸ್ತೆಯೇ ಇಲ್ಲ, ಅಲ್ಲಿನ ಸಿಬ್ಬಂದಿಗೆ ಬೇಕಾದದ್ದೆಲ್ಲ ರೈಲಿನಲ್ಲೇ ಬರಬೇಕು. ಉಪಗ್ರಹ ಚಿತ್ರದಲ್ಲಿ ಹಳಿ ಕಾಡಿನೊಳಗೆ ಹಠಾತ್ತನೆ ಮಾಯವಾಗುವ ಜಾಗವೇ ಸುರಂಗದ ಬಾಯಿ. ಆದರೆ ದಟ್ಟವಾದ ಮರಗಳು ಎರಡೂ ಬದಿಯಿಂದ ಬಾಗಿ ಹಳಿಯನ್ನು ಮುಚ್ಚಿದ ಜಾಗವೂ ಹಾಗೆಯೇ ಕಾಣುತ್ತದೆ. ಇವೆರಡನ್ನು ಬೇರೆ ಮಾಡಲು ನಾನು ಎರಡು ಪರೀಕ್ಷೆಗಳನ್ನು ಮಾಡುತ್ತೇನೆ. ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಒಂದಾದ ಮೇಲೊಂದು ತೆರೆದಾಗ ಮರದ ಮರೆ ಹಿಗ್ಗುತ್ತದೆ, ಕುಗ್ಗುತ್ತದೆ, ಸುರಂಗದ ಬಾಯಿ ಮಾತ್ರ ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಇರುತ್ತದೆ. ಎರಡನೆಯದಾಗಿ, ಚಿತ್ರವನ್ನು ಓರೆ ಮಾಡಿ ನೋಡಿದರೆ, ಹಳಿ ಮಾಯವಾದ ಕಡೆ ನಿಜವಾಗಿ ಗುಡ್ಡದ ಚಾಚು ಇದೆಯೇ ಎಂಬುದು ತಿಳಿಯುತ್ತದೆ.

ಇದೇ ಘಾಟಿಯಲ್ಲಿ ಇನ್ನೊಂದು ವಿಷಯವನ್ನು ಹೊಸಬರು ಅಗತ್ಯವಾಗಿ ತಿಳಿದಿರಬೇಕು. ಎಳೆದ ದಾರಿಯ ಏರಿಳಿತವನ್ನು ಗೂಗಲ್ ಅರ್ಥ್ ಒಂದು ರೇಖಾಚಿತ್ರವಾಗಿ ತೋರಿಸುತ್ತದೆ. ಆದರೆ ಅದು ತೋರಿಸುವುದು ನೆಲದ ಮೇಲ್ಮೈಯ ಎತ್ತರವನ್ನು. ಸುರಂಗವಿರುವ ಕಡೆ ಅದು ಹಳಿಯ ಎತ್ತರವನ್ನು ಬಿಟ್ಟು ಸುರಂಗದ ಮೇಲಿನ ಗುಡ್ಡದ ನೆತ್ತಿಯನ್ನು ಹತ್ತಿ ಇಳಿಯುತ್ತದೆ, ಎತ್ತರದ ಸೇತುವೆಯಿರುವ ಕಡೆ ಕಣಿವೆಯ ತಳಕ್ಕೆ ಧುಮುಕುತ್ತದೆ. ಆ ರೇಖಾಚಿತ್ರವನ್ನೇ ನಂಬಿದರೆ ಯಾವ ಎಂಜಿನ್ನೂ ಹತ್ತಲಾರದ ಇಳಿಜಾರುಗಳು ಲೆಕ್ಕಕ್ಕೆ ಬರುತ್ತವೆ. ಸರಿಯಾದ ಕ್ರಮವೆಂದರೆ ನಿಲ್ದಾಣಗಳ ಹಳದಿ ಫಲಕಗಳಲ್ಲಿ ಬರೆದಿರುವ ಸಮುದ್ರಮಟ್ಟದಿಂದ ಎತ್ತರವನ್ನು ತೆಗೆದುಕೊಂಡು, ಎರಡು ನಿಲ್ದಾಣಗಳ ನಡುವಿನ ಹಳಿಯ ಉದ್ದದಿಂದ ಸರಾಸರಿಯನ್ನು ಕಂಡುಕೊಳ್ಳುವುದು. ನಮ್ಮ ರೈಲ್ವೆಯವರು ಪ್ರತಿ ಫಲಕದ ಮೇಲೂ ಆ ಅಂಕಿಯನ್ನು ಬರೆಸುವ ಪದ್ಧತಿಯನ್ನು ಇಟ್ಟುಕೊಂಡಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ, ಮೂವತ್ತೇಳಕ್ಕೆ ಒಂದರಷ್ಟು ಕಡಿದಾದ ಘಾಟಿಯಲ್ಲೂ ಇದೇ ಕ್ರಮವನ್ನು ಅನುಸರಿಸಬೇಕು.

ಗುಡ್ಡಗಾಡಿನ ಚಿತ್ರಗಳಲ್ಲಿ ಸ್ಥಾನವೇ ಕೆಲವು ಮೀಟರುಗಳಷ್ಟು ಜರುಗಿರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಉಪಗ್ರಹವು ಓರೆಯಾಗಿ ನೋಡಿ ತೆಗೆದ ಚಿತ್ರವನ್ನು ನೆಲದ ಏರುತಗ್ಗಿನ ಮಾಹಿತಿಗೆ ಹೊಂದಿಸಿ ಹಾಸಿರುವುದರಿಂದ, ಆ ಮಾಹಿತಿ ಒರಟಾಗಿರುವ ಕಡೆ ಒಂದೇ ಸೇತುವೆ ಎರಡು ವರ್ಷಗಳ ಚಿತ್ರಗಳಲ್ಲಿ ಎರಡು ಕಡೆ ಕಾಣುತ್ತದೆ. ಅದಕ್ಕಾಗಿ ನಾನು ಪ್ರತಿ ಗುರುತಿನ ವಿವರಣೆಯಲ್ಲಿ ಯಾವ ದಿನಾಂಕದ ಚಿತ್ರವನ್ನು ನೋಡಿ ಗುರುತಿಸಿದೆ ಎಂಬುದನ್ನು ತಪ್ಪದೆ ಬರೆಯುತ್ತೇನೆ. ಆ ದಿನಾಂಕ ಪರದೆಯ ಕೆಳಗಿನ ಪಟ್ಟಿಯಲ್ಲೇ ಇರುತ್ತದೆ.

ಹಳೆಯ ಚಿತ್ರಗಳನ್ನು ವರ್ಷವಾರು ತೆರೆದು ನೋಡುವ ಸೌಲಭ್ಯ 2009ರಲ್ಲಿ ಬಂದಿತು, ಮತ್ತು ನನ್ನ ದೃಷ್ಟಿಯಲ್ಲಿ ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಅದರಲ್ಲೇ. ಶ್ರೀರಂಗಪಟ್ಟಣ ನಿಲ್ದಾಣದ ಬಳಿ ಸಮಯದ ಪಟ್ಟಿಯನ್ನು ಹಿಂದಕ್ಕೆಳೆದು ನೋಡಿದರೆ, ಹಳಿಯ ಪಕ್ಕದಲ್ಲಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆ ಒಂದು ಚಿತ್ರದಲ್ಲಿ ಒಂದು ಕಡೆಯೂ ಇನ್ನೊಂದು ಚಿತ್ರದಲ್ಲಿ ಅಲ್ಲಿಂದ ನೂರು ಮೀಟರಿಗೂ ಆಚೆಯೂ ಕಾಣಿಸುತ್ತದೆ. ಬೆಂಗಳೂರು ಮೈಸೂರು ಜೋಡಿ ಹಳಿಗೆ ದಾರಿ ಮಾಡಿಕೊಡಲು ಆ ಇಡೀ ಕಟ್ಟಡವನ್ನು ಒಡೆಯದೆ, ಜಾಕಿಗಳ ಮೇಲೆತ್ತಿ, 2017ರಲ್ಲಿ ಸರಿಸಿ ಕೂರಿಸಿದರು. ಸ್ಮಾರಕವನ್ನು ಕೆಡವದೆ ಉಳಿಸಿಕೊಂಡ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದ್ದರಿಂದ ನನ್ನ ಫೈಲಿನಲ್ಲಿ ಅದಕ್ಕೆ ಹಳೆಯ ಜಾಗಕ್ಕೊಂದು, ಹೊಸ ಜಾಗಕ್ಕೊಂದು ಎಂದು ಎರಡು ಪಿನ್ನುಗಳಿವೆ. ನಂಜನಗೂಡಿನಲ್ಲಿ ಕಪಿಲಾ ನದಿಯ ಮೇಲೆ ಇಂಥದೇ ಇನ್ನೊಂದು ಜೋಡಿ ಇದೆ. 1735ರ ಕಲ್ಲಿನ ಕಮಾನು ಸೇತುವೆಯ ಮೇಲೆ ರಸ್ತೆಯ ಪಕ್ಕದಲ್ಲೇ ಚಾಮರಾಜನಗರದ ಮೀಟರ್ ಗೇಜ್ ಹಳಿಯೂ ಹಾದುಹೋಗುತ್ತಿತ್ತು. ಗೇಜ್ ಬದಲಾದಾಗ ಬ್ರಾಡ್ ಗೇಜಿಗೆ ಪಕ್ಕದಲ್ಲಿ ಹೊಸ ಸೇತುವೆಯನ್ನು ಕಟ್ಟಿದ್ದರಿಂದ ಹಳೆಯದು ಉಳಿಯಿತು. ಹೊಸ ಹಳಿ ಹಳೆಯ ದಾರಿಯನ್ನು ಬಿಟ್ಟು ಪಕ್ಕಕ್ಕೆ ಸರಿಯುವ ಜಾಗವನ್ನು ಸೇತುವೆಯ ಎರಡೂ ತುದಿಗಳಲ್ಲಿ ಚಿತ್ರದ ಮೇಲೆಯೇ ತೋರಿಸಬಹುದು.

ಆದರೆ ಈ ಸಮಯದ ಪಟ್ಟಿಗೂ ಒಂದು ಮಿತಿಯಿದೆ. ಹಳಿಯನ್ನು ಬಿಡಿಸಿ ತೋರಿಸುವಷ್ಟು ಸ್ಪಷ್ಟವಾದ ಚಿತ್ರಗಳು ಸಾರ್ವಜನಿಕರಿಗೆ ಸಿಗತೊಡಗಿದ್ದೇ 2000ದ ಆಚೀಚೆಗೆ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಕಾಣುವುದು ಒಂದು ಚುಕ್ಕೆಗೆ ಮೂವತ್ತು ಮೀಟರ್ ಅಳತೆಯ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು. ಅವುಗಳಲ್ಲಿ ಕೆರೆ ಕಾಣುತ್ತದೆ, ಕಾಡು ಕಾಣುತ್ತದೆ, ಒಂದು ಮೀಟರ್ ಅಗಲದ ಹಳಿ ಕಾಣುವುದಿಲ್ಲ. ದೇಶದ ಎಲ್ಲ ಮೀಟರ್ ಗೇಜ್ ಮತ್ತು ನ್ಯಾರೋ ಗೇಜ್ ಮಾರ್ಗಗಳನ್ನು 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ತರುವ ಯೋಜನೆ ಶುರುವಾಗಿದ್ದು 1992ರಲ್ಲಿ. ಹೀಗಾಗಿ ಆ ದಶಕದಲ್ಲೇ ಬದಲಾದ ಬೆಂಗಳೂರು ಮೈಸೂರಿನಂಥ ಮಾರ್ಗದ ಹಳೆಯ ರೂಪ ಉಪಗ್ರಹದ ಕಣ್ಣಿಗೆ ಬಿದ್ದೇ ಇಲ್ಲ. ತಡವಾಗಿ ಬದಲಾದ ಮಾರ್ಗಗಳು ಮಾತ್ರ ನಮಗೆ ದಕ್ಕಿವೆ.

ಹಾಗೆ ದಕ್ಕಿದವುಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಚಿಕ್ಕಬಳ್ಳಾಪುರ ಕೋಲಾರ ಮಾರ್ಗ. ಯಶವಂತಪುರದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಸುತ್ತಿ ಬಂಗಾರಪೇಟೆ ಸೇರುತ್ತಿದ್ದ 762 ಮಿಲಿಮೀಟರ್ ಅಗಲದ ಸಣ್ಣ ಹಳಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಹುಟ್ಟಿದ್ದು. ಅದರ ಎರಡು ತುದಿಗಳು ಬೇಗ ಬ್ರಾಡ್ ಗೇಜ್ ಆದವು. ನಡುವಿನ ಚಿಕ್ಕಬಳ್ಳಾಪುರ ಕೋಲಾರದ ಭಾಗ ಮಾತ್ರ ದೀರ್ಘ ಕಾಲ ಗಾಡಿಯಿಲ್ಲದೆ ಬಿದ್ದಿದ್ದು, 2013ರಲ್ಲಿ ಬ್ರಾಡ್ ಗೇಜಾಗಿ ಮತ್ತೆ ತೆರೆಯಿತು. ಈ ನಡುವಿನ ವರ್ಷಗಳಲ್ಲಿ ತೆಗೆದ ಚಿತ್ರಗಳಲ್ಲಿ ಪಾಳುಬಿದ್ದ ಸಣ್ಣ ಹಳಿಯ ಏರಿ, ಅದರ ಚಿಕ್ಕ ಚಿಕ್ಕ ಮೋರಿಗಳು, ನಿಲ್ದಾಣದ ಅಂಗಳಗಳು ಸಿಗುತ್ತವೆ. ಅದಾದ ನಂತರದ ಚಿತ್ರಗಳಲ್ಲಿ ಅದೇ ದಾರಿಯಲ್ಲಿ ಹೊಸ ಏರಿ ಅಗಲವಾಗಿ ಮೈಚಾಚಿಕೊಂಡು, ಸಣ್ಣ ಹಳಿಯ ಬಿಗಿಯಾದ ತಿರುವುಗಳನ್ನು ಪಕ್ಕಕ್ಕೆ ಬಿಟ್ಟು ಸಾಗಿರುವುದು ಕಾಣುತ್ತದೆ. ಬಿಟ್ಟುಹೋದ ಆ ಬಿಲ್ಲಿನಾಕಾರದ ತುಂಡುಗಳನ್ನು ಒಂದೊಂದಾಗಿ ಗುರುತಿಸುವಾಗ ನನಗಾಗುವ ಸಂತೋಷವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಅವುಗಳಲ್ಲಿ ಕೆಲವು ಈಗಾಗಲೇ ಬಂಡಿದಾರಿಗಳಾಗಿವೆ, ಕೆಲವು ಹೊಲದೊಳಗೆ ಸೇರಿಕೊಂಡಿವೆ, ಮತ್ತು ಬೆಂಗಳೂರಿನ ಕಡೆಯಿಂದ ಬಡಾವಣೆಗಳು ಹಬ್ಬುತ್ತಿರುವ ವೇಗವನ್ನು ನೋಡಿದರೆ ಉಳಿದವು ಬಹಳ ಕಾಲ ನಿಲ್ಲುವಂತೆ ಕಾಣುವುದಿಲ್ಲ. ದೇವನಹಳ್ಳಿಯ ಕಡೆ ಇದೇ ಮಾರ್ಗದ ಪಕ್ಕದಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದದ್ದನ್ನೂ, ಅದಕ್ಕಾಗಿ 2021ರಲ್ಲಿ ಪುಟ್ಟದೊಂದು ರೈಲು ನಿಲ್ದಾಣ ಬಂದದ್ದನ್ನೂ ಅದೇ ಸಮಯದ ಪಟ್ಟಿಯಲ್ಲಿ ಕ್ರಮವಾಗಿ ನೋಡಬಹುದು.

ಅಲ್ಲಿಂದ ದಕ್ಷಿಣಕ್ಕೆ, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಚಿನ್ನದ ಗಣಿಯ ಕವಲು ಇನ್ನೊಂದು ಬಗೆಯದು. 1894ರಲ್ಲಿ ತೆರೆದ ಈ ಮಾರ್ಗ ಬೌರಿಂಗ್‌ಪೇಟೆ ಎಂದು ಆಗ ಕರೆಯುತ್ತಿದ್ದ ಜಂಕ್ಷನ್ನಿನಿಂದ ಹೊರಟು ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರನ್ನೇ ಹೊತ್ತ ನಿಲ್ದಾಣಗಳನ್ನು ಮುಟ್ಟುತ್ತದೆ. 2001ರಲ್ಲಿ ಗಣಿಗಳು ಮುಚ್ಚಿದವು, ಹಳಿ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಚಿತ್ರದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣಿನ ಬೋಳು ದಿಬ್ಬಗಳು ಬೆಳ್ಳಗೆ ಎದ್ದು ಕಾಣುವುದರಿಂದ, ಗಣಿಯ ಬಾಯಿಗಳಿಗೂ ಮುಖ್ಯ ಹಳಿಗೂ ಇದ್ದ ಸಂಬಂಧವನ್ನು ಎತ್ತರದಿಂದ ನೋಡಿದಷ್ಟು ಚೆನ್ನಾಗಿ ನೆಲದ ಮೇಲೆ ನಿಂತು ನೋಡಲಾಗುವುದಿಲ್ಲ.

ಉಪಗ್ರಹಕ್ಕೆ ಸಿಗದಿರುವುದಕ್ಕೆ ಹಳೆಯ ನಕ್ಷೆಗಳೇ ಗತಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 50,000ಕ್ಕೆ ಒಂದರ ಅಳತೆಯ ಹಾಳೆಗಳು 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿವೆ. 1950ರ ದಶಕದಲ್ಲಿ ಅಮೆರಿಕದ ಸೇನೆ ಮುದ್ರಿಸಿದ ಎರಡೂವರೆ ಲಕ್ಷಕ್ಕೆ ಒಂದರ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಇವುಗಳ ಚಿತ್ರವನ್ನು ಗೂಗಲ್ ಅರ್ಥ್‌ನಲ್ಲಿ ನೆಲದ ಮೇಲೆ ಹಾಸಿ, ಅರೆಪಾರದರ್ಶಕವಾಗಿ ಮಾಡಿಕೊಂಡು, ಕೆಳಗಿನ ಚಿತ್ರದೊಡನೆ ಹೋಲಿಸಬಹುದು. ಹಳೆಯ ಹಾಳೆಯ ಅಂಚಿನಲ್ಲಿರುವ ಅಕ್ಷಾಂಶ ರೇಖಾಂಶಗಳನ್ನೇ ನೇರವಾಗಿ ನಂಬಿ ಹಾಸಿದರೆ ಮಾತ್ರ ಎಲ್ಲವೂ ನೂರು ಮೀಟರಿಗೂ ಮಿಕ್ಕಿ ಜರುಗಿ ಕೂರುತ್ತದೆ. ಆ ಕಾಲದ ಭಾರತದ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬ ಅಳತೆಯನ್ನು ಬಳಸುತ್ತಿದ್ದವು, ಈಗಿನ ಉಪಗ್ರಹಗಳದ್ದು ಬೇರೆ ಅಳತೆ. ಆದ್ದರಿಂದ ದೇವಸ್ಥಾನದ ಬೆಟ್ಟ, ಕೆರೆಯ ಕೋಡಿ, ಹಳೆಯ ಸೇತುವೆಯಂಥ ಬದಲಾಗದ ಗುರುತುಗಳನ್ನು ಹಿಡಿದು ಹಾಳೆಯನ್ನು ಸರಿಸಿ ಕೂರಿಸುವುದೇ ವಾಸಿ.

ಇನ್ನು ಪಿನ್ನಿನೊಳಗೆ ಏನನ್ನು ಬರೆಯಬೇಕು ಎಂಬ ವಿಚಾರ. ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ರೈಲ್ವೆಯ ಸಂಕೇತವನ್ನು ಸೇರಿಸುತ್ತೇನೆ. ಹೆಸರಿನ ಕಾಗುಣಿತ ಫಲಕದಿಂದ ಫಲಕಕ್ಕೆ ಬದಲಾದರೂ ಸಂಕೇತ ಒಂದೇ ಇರುತ್ತದೆ, ಮತ್ತು ಊರಿನ ಹೆಸರನ್ನೇ ಬದಲಿಸಿದ ಮೇಲೂ ಎಷ್ಟೋ ಕಡೆ ಹಳೆಯ ಸಂಕೇತವೇ ಮುಂದುವರಿದಿದೆ. ಅದರ ಕೆಳಗೆ ಆಧಾರ ಯಾವುದು, ಯಾವ ದಿನಾಂಕದ ಚಿತ್ರ, ಯಾವ ವರ್ಷದ ನಕ್ಷೆಯ ಹಾಳೆ, ಯಾರಾದರೂ ಹೇಳಿದ್ದಾದರೆ ಅವರು ಯಾವ ಊರಿನವರು, ಯಾವ ಕೆಲಸದಲ್ಲಿದ್ದರು, ಇವಿಷ್ಟು. ರೇಖೆಗಳಿಗೆ ಮೂರು ಬಣ್ಣಗಳನ್ನು ಇಟ್ಟುಕೊಂಡಿದ್ದೇನೆ. ಚಿತ್ರದಲ್ಲಿ ಕಣ್ಣಿಗೆ ಕಂಡದ್ದು ಹಸಿರು, ಹಳೆಯ ನಕ್ಷೆಯಿಂದ ತೆಗೆದದ್ದು ಹಳದಿ, ಇವೆರಡೂ ಇಲ್ಲದೆ ಒಂದು ತುಂಡನ್ನು ಇನ್ನೊಂದಕ್ಕೆ ಸೇರಿಸಲು ಊಹಿಸಿದ್ದು ಕೆಂಪು. ಸುರಂಗದೊಳಗಿನ ದಾರಿಯೂ ಕೆಂಪೇ, ಎರಡು ಬಾಯಿಗಳ ನಡುವೆ ಹಳಿ ಹೇಗೆ ಬಾಗಿದೆಯೆಂಬುದು ಮೇಲಿನಿಂದ ಕಾಣದಲ್ಲ. ಬೇರೆಯವರ ಫೈಲುಗಳಲ್ಲಿ ಇಡೀ ಮಾರ್ಗವನ್ನು ಒಂದೇ ಬಣ್ಣದಲ್ಲಿ ಎಳೆದಿರುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಶ್ರಮಪಟ್ಟು ಕಂಡುಕೊಂಡ ಸತ್ಯವೂ ಅವಸರದ ಊಹೆಯೂ ಅಲ್ಲಿ ಬೇರೆ ಮಾಡಲಾಗದಂತೆ ಬೆರೆತುಹೋಗಿರುತ್ತವೆ.

ಪ್ರತಿ ಗುರುತಿಗೂ ಆರಂಭದ ಮತ್ತು ಮುಕ್ತಾಯದ ವರ್ಷವನ್ನು ಸೇರಿಸುವ ಅವಕಾಶವೂ ಇದೆ, ಇದನ್ನು ಬಳಸುವವರು ಕಡಿಮೆ. ಹಾಗೆ ಸೇರಿಸಿದರೆ ಸಮಯದ ಪಟ್ಟಿಯನ್ನು ಎಳೆದಂತೆ ರಾಜ್ಯದ ರೈಲು ಜಾಲವೇ ಕಣ್ಣೆದುರು ಬೆಳೆಯುತ್ತದೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣಕ್ಕೆ ಬಂದ ಒಂದೇ ಒಂದು ಗೆರೆ, 1876ರಿಂದ 78ರ ಘೋರ ಕ್ಷಾಮದ ನಂತರ ಕೈಗೆತ್ತಿಕೊಂಡು 1882ರಲ್ಲಿ ಮೈಸೂರು ಮುಟ್ಟಿದ ಮೀಟರ್ ಗೇಜ್, 1940ರಲ್ಲಿ ತಾಳಗುಪ್ಪ, 1979ರಲ್ಲಿ ಮಂಗಳೂರಿನ ಘಾಟಿ, 1998ರಲ್ಲಿ ಕರಾವಳಿಯುದ್ದಕ್ಕೂ ಕೊಂಕಣ ರೈಲ್ವೆ. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದಾಗ, ಪಾಠದಲ್ಲಿ ಓದಿದ ವರ್ಷಗಳು ಅವರಿಗೆ ಮೊದಲ ಬಾರಿಗೆ ಒಂದು ಜಾಗಕ್ಕೆ ಅಂಟಿಕೊಂಡಂತೆ ಕಂಡಿತು.

ಹಂಚುವಾಗ ಎಡವುವ ಕಡೆಗಳು ಕೆಲವಿವೆ. ಫೋಲ್ಡರನ್ನು ಕೆಎಂಜೆಡ್ ಆಗಿ ಉಳಿಸಿದರೆ ಅದು ಕೆಎಂಎಲ್ ಫೈಲನ್ನೂ ಅದರ ಚಿತ್ರಗಳನ್ನೂ ಒಟ್ಟಿಗೆ ಒತ್ತಿ ಕಟ್ಟಿದ ಗಂಟು, ಕಳುಹಿಸಲು ಅದೇ ಅನುಕೂಲ. ಒಂದೇ ಸ್ಥಳದ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಜಾಗ ಮಾತ್ರ ತಲುಪುತ್ತದೆ, ಆಧಾರವೆಂದು ಬರೆದದ್ದೆಲ್ಲ ಹಿಂದೆ ಉಳಿಯುತ್ತದೆ. ಅಂಕಿಗಳಲ್ಲಿ ಬರೆದು ಕಳುಹಿಸುವವರು ಕ್ರಮದ ಬಗ್ಗೆ ಎಚ್ಚರವಾಗಿರಬೇಕು. ನಾವು ಮಾತಿನಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ಆದರೆ ಕೆಎಂಎಲ್ ಫೈಲಿನ ಒಳಗೆ ರೇಖಾಂಶವೇ ಮೊದಲು. ಇದು ಅದಲುಬದಲಾದರೆ, 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವದ ಆಸುಪಾಸಿನಲ್ಲಿರುವ ತುಮಕೂರಿನ ನಿಲ್ದಾಣ 77 ಡಿಗ್ರಿ ಉತ್ತರಕ್ಕೆ ಹೋಗಿ, ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಬೀಳುತ್ತದೆ. ದಶಮಾಂಶದ ನಂತರ ಐದು ಅಂಕಿ ಬರೆದರೆ ಸುಮಾರು ಒಂದು ಮೀಟರಿನಷ್ಟು, ನಾಲ್ಕು ಬರೆದರೆ ಹನ್ನೊಂದು ಮೀಟರಿನಷ್ಟು ನಿಖರತೆ ಸಿಗುತ್ತದೆ. ಸುರಂಗದ ಬಾಯಿಗೆ ಐದು ಬೇಕು, ಊರಿನ ನಿಲ್ದಾಣಕ್ಕೆ ನಾಲ್ಕು ಸಾಕು.

ಇದೇ ಮಾಹಿತಿಯನ್ನು, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಬಾರದೇ ಎಂದು ಹಲವರು ಕೇಳುತ್ತಾರೆ. ಸೇರಿಸಲೇಬೇಕು ಎಂಬುದು ನನ್ನ ಆಸೆಯೂ ಹೌದು, ಅಲ್ಲಿ ಪ್ರತಿ ನಿಲ್ದಾಣಕ್ಕೂ ಕನ್ನಡದ ಹೆಸರಿಗೆಂದೇ ಪ್ರತ್ಯೇಕ ಜಾಗವಿದೆ. ಆದರೆ ಗೂಗಲ್‌ನ ಚಿತ್ರದ ಮೇಲೆ ಎಳೆದ ಗೆರೆಯನ್ನು ಅಲ್ಲಿಗೆ ನಕಲಿಸಲು ಪರವಾನಗಿ ಇಲ್ಲ. ಅದರ ಸಂಪಾದಕದಲ್ಲೇ ಅನುಮತಿ ಪಡೆದು ಒದಗಿಸಿರುವ ಚಿತ್ರಗಳನ್ನು ನೋಡಿ ಹೊಸದಾಗಿ ಎಳೆಯಬೇಕು. ಬಳಕೆ ನಿಂತ ಹಳಿ, ಹಳಿ ಕಿತ್ತ ಏರಿ ಎಂದು ಬೇರೆ ಬೇರೆ ಗುರುತುಗಳು ಅಲ್ಲಿವೆ. ನೆಲದ ಮೇಲೆ ಏನೂ ಉಳಿಯದ ಮಾರ್ಗಗಳಿಗೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಸೋದರ ಯೋಜನೆ ಇದೆ.

ಒಂದು ಎಚ್ಚರಿಕೆಯ ಮಾತು. ಹಳಿಯ ಮೇಲೆ ಅನುಮತಿಯಿಲ್ಲದೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೆಯ ಸೆಕ್ಷನ್ ಪ್ರಕಾರ ಅಪರಾಧ. ಎಡಕುಮೇರಿಯ ಘಾಟಿಯಲ್ಲಿ ಚಾರಣಕ್ಕೆಂದು ಹಳಿಯ ಗುಂಟ ಹೋಗುವವರಿಗೆ ನನ್ನ ಫೈಲು ದಾರಿತೋರುಕವಾಗಬಾರದು ಎಂಬ ಕಾರಣಕ್ಕೆ, ಆ ಭಾಗದಲ್ಲಿ ಕಾಲುದಾರಿಗಳನ್ನೂ ಇಳಿಯುವ ಜಾಗಗಳನ್ನೂ ನಾನು ಗುರುತಿಸುವುದಿಲ್ಲ. ಸುರಂಗವನ್ನು ನೋಡುವ ಆಸೆಯುಳ್ಳವರು ಹಗಲಿನ ಗಾಡಿಯಲ್ಲಿ ಕಿಟಕಿಯ ಪಕ್ಕ ಕುಳಿತು ಹೋಗಲಿ.

ಚಿತ್ರಕ್ಕೂ ನಕ್ಷೆಗೂ ಸಿಗದ್ದನ್ನು ಕೊಡಬಲ್ಲವರು ಆ ದಾರಿಯ ಜೊತೆ ಬದುಕಿದ ಹಿರಿಯರು. ಚಿಂತಾಮಣಿಯ ಕಡೆಯ ಹಳ್ಳಿಯೊಂದರಲ್ಲಿ ನಾನು ಕೆಂಪು ಗೆರೆ ಎಳೆದುಕೊಂಡಿದ್ದ ತುಂಡನ್ನು ಫೋನಿನಲ್ಲಿ ತೋರಿಸಿದಾಗ, ಅಲ್ಲಿನ ಯಜಮಾನರೊಬ್ಬರು ಪರದೆಯನ್ನು ಬಿಸಿಲಿಗೆ ಮರೆಮಾಡಿ ಹಿಡಿದು ಬಹಳ ಹೊತ್ತು ನೋಡಿದರು. “ಇಲ್ಲಿ ಅಲ್ಲ ಸ್ವಾಮಿ, ಸಣ್ಣ ರೈಲು ಆ ಕುಂಟೆಯ ಮೇಲುಗಡೆ ಬರ್ತಿತ್ತು. ಕೆಳಗಡೆ ಮಳೇಲಿ ನೀರು ನಿಲ್ತಾ ಇತ್ತಲ್ಲ, ಅಲ್ಲಿ ಹೆಂಗೆ ಹಾಕ್ತಾರೆ?” ಎಂದರು. ಅವರು ತೋರಿಸಿದ ಕಡೆ ಹೋಗಿ ನೋಡಿದರೆ, ಲಂಟಾನದ ಪೊದೆಯೊಳಗೆ ಕಲ್ಲು ಕಟ್ಟಡದ ಮೋರಿಯ ಎರಡು ಗೋಡೆಗಳಿದ್ದವು. ಮೇಲಿನಿಂದ ನೋಡಿದಾಗ ಆ ಪೊದೆ ಸುತ್ತಲಿನ ಪೊದೆಗಳಂತೆಯೇ ಇದೆ. ಮೀಟರ್ ಗೇಜ್ ಮತ್ತು ಸಣ್ಣ ಹಳಿಯ ಕಾಲದಲ್ಲಿ ಗ್ಯಾಂಗ್‌ಮನ್, ಕೀಮ್ಯಾನ್, ಗೇಟ್‌ಕೀಪರ್, ಪಾಯಿಂಟ್ಸ್‌ಮನ್ ಆಗಿದ್ದವರಲ್ಲಿ ಬಹಳಷ್ಟು ಮಂದಿ ಈಗ ತುಂಬ ವಯಸ್ಸಾದವರು. ಯಾವ ಗೇಟು ಎಲ್ಲಿತ್ತು, ನೀರಿನ ಕಂಬ ಎಲ್ಲಿತ್ತು, ಯಾವ ತಿರುವಿನಲ್ಲಿ ಗಾಡಿ ನಿಧಾನಿಸುತ್ತಿತ್ತು ಎಂಬುದು ಅವರಿಗೆ ಬಾಯಿಪಾಠ. ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದನ್ನು ಮುಂದೂಡುವಂತಿಲ್ಲ.

ಸದ್ಯ ನನ್ನ ಫೈಲಿನಲ್ಲಿ ಕೆಂಪು ಬಣ್ಣ ಹೆಚ್ಚಾಗಿರುವುದು ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಹೋಗುತ್ತಿದ್ದ ಹಳೆಯ ಟ್ರಾಮ್ ಮಾರ್ಗದಲ್ಲಿ. ಆ ಎರಡು ಊರುಗಳ ನಡುವೆ ಈಗ ಭದ್ರಾ ಜಲಾಶಯ ಹರಡಿಕೊಂಡಿದೆ. ನೀರು ತುಂಬ ಇಳಿದ ಬೇಸಿಗೆಗಳ ಚಿತ್ರಗಳನ್ನು ಆರಿಸಿಕೊಂಡು, ದಡದ ಬರಿ ಮಣ್ಣಿನಲ್ಲಿ ಒಂದೇ ಹದದ ಬಾಗು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೇನೆ. ತರೀಕೆರೆ, ಲಕ್ಕವಳ್ಳಿ, ನರಸಿಂಹರಾಜಪುರದ ಕಡೆಯ ಓದುಗರ ಮನೆಯಲ್ಲಿ ಆ ಟ್ರಾಮಿನ ದಾರಿಯನ್ನು ಕಂಡ ಅಥವಾ ಅದರ ಬಗ್ಗೆ ಹಿರಿಯರಿಂದ ಕೇಳಿದ ಅಜ್ಜ ಅಜ್ಜಿಯರಿದ್ದರೆ, ಅದು ಯಾವ ಹಳ್ಳಿಯ ಯಾವ ಬದಿಯಲ್ಲಿ ಹಾದುಹೋಗುತ್ತಿತ್ತು ಎಂಬ ಒಂದೇ ಸಾಲು ಬರೆದು ಕಳುಹಿಸಿದರೂ ಸಾಕು, ಆ ಸಾಲನ್ನು ಊರಿನ ಹೆಸರಿನೊಂದಿಗೆ ಪಿನ್ನಿನ ವಿವರಣೆಯಲ್ಲಿ ಸೇರಿಸುತ್ತೇನೆ.